ಮರದ ತುದಿಯ ಸೊಳ್ಳೆ ಹಿಡಿಯುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಕಾಡಿನ ಸೊಳ್ಳೆಗಳಲ್ಲಿ ವೈರಸ್ ಇದೆಯಾ ಅಂತ ನೋಡುವ ಕೆಲಸ ನಮ್ಮದು. ಇಷ್ಟು ದಿನ ಲೈಟ್ ಟ್ರ್ಯಾಪನ್ನು (ಬೆಳಕಿಗೆ ಬಂದ ಸೊಳ್ಳೆಯನ್ನು ಫ್ಯಾನಿನಿಂದ ಬಲೆಯೊಳಗೆ ಎಳೆಯುವ ಸಾಧನ) ಎದೆಯೆತ್ತರಕ್ಕೆ ಕಟ್ಟುತ್ತಿದ್ದೆವು. ಈಗ 15 ಮೀಟರ್ ಮೇಲೆ ಕಟ್ಟಬೇಕು. ನಮ್ಮಲ್ಲಿ ಯಾರಿಗೂ ಮರ ಹತ್ತಲು ಬರುವುದಿಲ್ಲ.

ಉತ್ತರ 1: ಹತ್ತಲೇಬೇಡಿ. 200–300 ಗ್ರಾಂ ತೂಕದ ಮರಳು ಚೀಲಕ್ಕೆ ತೆಳು ದಾರ ಕಟ್ಟಿ, ದೊಡ್ಡ ಕವಣೆಯಿಂದ ಕೊಂಬೆಯ ಆಚೆಗೆ ಹೊಡೆಯಿರಿ. ಆ ದಾರಕ್ಕೆ ಗಟ್ಟಿ ಹಗ್ಗ ಸೇರಿಸಿ ಎಳೆದುಕೊಳ್ಳಿ. ಹಗ್ಗದ ತುದಿಗೆ ರಾಟೆ ಕಟ್ಟಿ, ಅದರಲ್ಲಿ ಇನ್ನೊಂದು ಹಗ್ಗ ಪೋಣಿಸಿ, ಮೇಲೇರಿಸಿ. ಈ ಎರಡನೇ ಹಗ್ಗದ ಎರಡೂ ತುದಿ ಗಂಟು ಹಾಕಿದರೆ ಮುಗಿಯಿತು. ಆಮೇಲೆ ಬಾವಿಯಿಂದ ಕೊಡ ಸೇದಿದ ಹಾಗೇ. ಒಣಗಿದ ಕೊಂಬೆ ಮಾತ್ರ ಬೇಡ. ನನ್ನ ಮೊದಲ ಚೀಲ ಕೊಂಬೆಗೆ ಮೂರು ಸುತ್ತು ಸುತ್ತಿಕೊಂಡಿತ್ತು. ಜಗ್ಗಿದೆ, ನೇರ ಹೆಲ್ಮೆಟ್ ಮೇಲೇ ಬಂತು. ಹೆಲ್ಮೆಟ್ ಇತ್ತು, ಪುಣ್ಯ.

ಉತ್ತರ 2: ರಾಟೆಗಿಂತ ದೊಡ್ಡ ತಲೆನೋವು ಇರುವೆಗಳದ್ದು. ನೀವು ಹಗ್ಗ ಕಟ್ಟಿದರೆ ಅವಕ್ಕೆ ರಸ್ತೆ ಹಾಕಿಕೊಟ್ಟ ಹಾಗೆ. ರಾತ್ರಿಯಿಡೀ ಹಿಡಿದದ್ದನ್ನೆಲ್ಲ ತಿಂದು ಹೋಗುತ್ತವೆ. ಟ್ರ್ಯಾಪ್ ನೇತಾಡುವ ದಾರಕ್ಕೆ, ಟ್ರ್ಯಾಪಿಗಿಂತ ಒಂದು ಗೇಣು ಮೇಲೆ, ದಪ್ಪಗೆ ಗ್ರೀಸ್ ಬಳಿಯಿರಿ. ಎಲೆಯೊಂದು ಬಲೆಗೆ ತಾಗಿದ್ದರೂ ಸಾಕು, ಅದೇ ಸೇತುವೆ.

ಇನ್ನೊಂದು ಮಾತು. ಬೆಳಕನ್ನೇ ನಂಬಬೇಡಿ. ಬೆಳಕಿಗೆ ಪತಂಗ, ಜೀರುಂಡೆ ಜಾಸ್ತಿ ಬರುತ್ತವೆ, ಒಳಗೆ ಒದ್ದಾಡಿ ಸೊಳ್ಳೆಗಳನ್ನು ಪುಡಿ ಮಾಡುತ್ತವೆ. ಹಳದಿ ಜ್ವರ ಹರಡುವ ಹೀಮಗಾಗಸ್ ಸೊಳ್ಳೆ ಕಚ್ಚುವುದೇ ಹಗಲಲ್ಲಿ. ಅಂಥವಕ್ಕೆ ಡ್ರೈ ಐಸ್ (ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್) ಬೇಕು. ದಪ್ಪ ಗೋಡೆಯ ಡಬ್ಬಿಗೆ ಸಣ್ಣ ತೂತು ಮಾಡಿ ಪಕ್ಕದಲ್ಲೇ ನೇತುಹಾಕಿ. ಅದರಿಂದ ಬರುವ ಅನಿಲ ಸೊಳ್ಳೆಗೆ ಯಾರೋ ಉಸಿರಾಡಿದ ಹಾಗೆ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಬಲೆ ಬದಲಿಸಿ, ಇಲ್ಲದಿದ್ದರೆ ಯಾವುದು ಯಾವ ಹೊತ್ತಿನದು ಅಂತ ತಿಳಿಯುವುದೇ ಇಲ್ಲ.

ಉತ್ತರ 3: ಕೆಳಗಿನ ಟ್ರ್ಯಾಪ್ ತೆಗೆಯಬೇಡಿ. ಅದೇ ಮರ, ಅದೇ ರಾತ್ರಿ, ಮೇಲೊಂದು ಕೆಳಗೊಂದು ಇದ್ದರೆ ತಾನೇ ಹೋಲಿಸಲು ಆಗುವುದು? ಉಗಾಂಡದ ಝಿಕಾ ಕಾಡಿನಲ್ಲಿ 1947ರಲ್ಲಿ ಝಿಕಾ ವೈರಸ್ ಸಿಕ್ಕಿದ್ದು ಮರದ ಮೇಲಿನ ಅಟ್ಟಣೆಯಲ್ಲಿ ಇಟ್ಟಿದ್ದ ಮಂಗದಲ್ಲಿ. ಮರುವರ್ಷ ಅದೇ ಕಾಡಿನ ಈಡಿಸ್ ಆಫ್ರಿಕಾನಸ್ ಸೊಳ್ಳೆಯಲ್ಲೂ ಸಿಕ್ಕಿತು.

ಉತ್ತರ 4: ಮರದ ಪೊಟರೆ ಬಿಟ್ಟುಬಿಟ್ಟಿರಲ್ಲ! ಅದರಲ್ಲಿ ನಿಂತ ನೀರಿನಲ್ಲೂ ಸೊಳ್ಳೆ ಮರಿ ಇರುತ್ತವೆ. ಮೊದಲು ಟಾರ್ಚ್ ಬಿಡಿ, ಹಾವು ಇರಬಹುದು. ಆಮೇಲೆ ಪೈಪ್ ಇಳಿಸಿ ಆ ಕಂದು ನೀರನ್ನು ಪೂರ್ತಿ ಹೀರಿಕೊಳ್ಳಿ. ಒಣಗಿದ ಪೊಟರೆಯಾದರೂ ಗೋಡೆ ಕೆರೆದು, ಕಸ ತಂದು ನೀರಿನಲ್ಲಿ ನೆನೆಸಿ. ಈಡಿಸ್ ಮೊಟ್ಟೆಗಳು ಕಂತು ಕಂತಾಗಿ ಒಡೆಯುತ್ತವೆ. ಮೊದಲ ಸಲ ಒಂದೂ ಬರಲಿಲ್ಲ ಅಂತ ಚೆಲ್ಲಬೇಡಿ, ಒಣಗಿಸಿ ಮತ್ತೆ ನೆನೆಸಿ. ನನಗೆ ಮೂರನೇ ಸಲ ಬಂದದ್ದೇ ಹೆಚ್ಚು.

ಉತ್ತರ 2, ಮತ್ತೆ: ಮರೆತಿದ್ದೆ. ವೈರಸ್ ನೋಡುವುದಾದರೆ ಬಲೆಯನ್ನು ಬಿಸಿಲಲ್ಲಿ ಇಡಬೇಡಿ. ಒದ್ದೆ ಬಟ್ಟೆ ಹೊದಿಸಿ ಬೇಗ ತನ್ನಿ. ಜಾತಿ ಬೇರ್ಪಡಿಸುವುದು ತಣ್ಣನೆಯ ತಟ್ಟೆಯ ಮೇಲೆ, ಆಮೇಲೆ ನೇರ ಡ್ರೈ ಐಸಿಗೆ.

ಪ್ರಶ್ನೆ ಕೇಳಿದವರು: ಹೋದ ವಾರ ಒಂದು ಬಲೆಯಲ್ಲಿ ಬರೀ ರೆಕ್ಕೆಗಳು ಇದ್ದವು. ಫ್ಯಾನ್ ಕತ್ತರಿಸಿದೆ ಅಂದುಕೊಂಡು ಎರಡು ದಿನ ಫ್ಯಾನ್ ರಿಪೇರಿ ಮಾಡಿದೆವು.