ಗರ್ಭಚೀಲದ ಕಸಿ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಕಲಬುರಗಿ: ನನ್ನ ತಂಗಿಗೆ 25. ಹುಟ್ಟಿನಿಂದಲೇ ಗರ್ಭಚೀಲ ಇಲ್ಲ, ಅಂಡಾಶಯ ಚೆನ್ನಾಗಿವೆ. ಅಮ್ಮ ತನ್ನದನ್ನೇ ಕೊಡ್ತೀನಿ ಅಂತ ಹಠ ಹಿಡಿದಿದ್ದಾಳೆ. ಅಮ್ಮಂದು ಬಿ ಪಾಸಿಟಿವ್, ತಂಗಿದು ಓ ಪಾಸಿಟಿವ್. ಪುಣೆಗೆ ಹೋಗೋಣವಾ?

ಸೇಡಂ ಅಕ್ಕ: ನಾವು ಹೋಗಿ ಬಂದವರು, ಕೇಳಿ. ಆಸ್ಪತ್ರೆ ಹೆಸರು ಬೇಡ. ಮೊದಲು ಐವಿಎಫ್ ಮಾಡಿ, ಅಂದರೆ ದೇಹದ ಹೊರಗೆ ಲ್ಯಾಬಿನಲ್ಲಿ ಭ್ರೂಣ ಮಾಡಿಸಿ, ಫ್ರೀಜ್ ಮಾಡಿಡಬೇಕು. ಕಸಿ ಮಾಡುವಾಗ ಅಂಡನಾಳ ಜೋಡಿಸೋದಿಲ್ಲ, ಹಾಗಾಗಿ ತಾನಾಗೇ ಬಸಿರು ನಿಲ್ಲೋದಿಲ್ಲ. ಐವಿಎಫ್‌ಗೇ 2,35,000. ಗರ್ಭಚೀಲ ಕೊಡಬೇಕಿದ್ದ ನಮ್ಮಮ್ಮನ ಪರೀಕ್ಷೆಗೆ 92,400. ಲಾಡ್ಜ್ ದಿನಕ್ಕೆ 1,100, ಹತ್ತೊಂಬತ್ತು ದಿನ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮನೆಯಿಂದಲೇ ಒಯ್ದಿದ್ದೆವು, ಇಲ್ಲದಿದ್ದರೆ ಇನ್ನೂ ಜಾಸ್ತಿ. ಎಲ್ಲ ಮುಗಿದ ಮೇಲೆ ಅಮ್ಮನ ರಕ್ತನಾಳ ಸಣ್ಣದು, ಆಗಲ್ಲ ಅಂದರು! ಆ ಸ್ಕ್ಯಾನ್ ಮೊದಲೇ ಮಾಡೋಕೇನಾಗಿತ್ತು? ಎರಡು ಎಕರೆ ತೊಗರಿ ಹೊಲ ಹೋಯಿತು.

ಬೀದರ್‌ನವಳು: ಅದಕ್ಕೇ ನಾವು ಆ ದಾರಿ ಹಿಡಿಯಲಿಲ್ಲ. ನಮ್ಮ ಭ್ರೂಣವನ್ನು ನಾದಿನಿ ಹೊತ್ತು ಹೆತ್ತಳು. ವೈದ್ಯಕೀಯ ಬೋರ್ಡಿನ ಸರ್ಟಿಫಿಕೇಟು, ಮ್ಯಾಜಿಸ್ಟ್ರೇಟ್ ಆದೇಶ, ನಾದಿನಿಗೆ 36 ತಿಂಗಳ ವಿಮೆ. ಏಳು ಸಲ ಅಲೆದೆ. ಒಂದು ಸಲ ಜೆರಾಕ್ಸ್ ಮಸುಕಾಗಿದೆ ಅಂತ ವಾಪಸ್ ಕಳಿಸಿದರು.

ಸೇಡಂ ಅಕ್ಕ: ಬಾಡಿಗೆ ಹೊಟ್ಟೆಯಲ್ಲಿ ಹೆತ್ತು ದೊಡ್ಡ ಮಾತು.

ಬೀದರ್‌ನವಳು: ಬಾಡಿಗೆ ಅನ್ನಬೇಡಿ! 2021ರ ಸರೊಗಸಿ (ಬೇರೆಯವರ ಮಗುವನ್ನು ಹೊತ್ತು ಹೆರುವ) ಕಾಯ್ದೆಯಲ್ಲಿ ಆಸ್ಪತ್ರೆ ಖರ್ಚು, ವಿಮೆ ಬಿಟ್ಟರೆ ಹೊತ್ತವಳಿಗೆ ಒಂದು ರೂಪಾಯಿಯೂ ಕೊಡುವಂತಿಲ್ಲ. ನನ್ನ ನಾದಿನಿ ಒಂದು ಸೀರೆಯನ್ನೂ ಮುಟ್ಟಲಿಲ್ಲ. ನೀವು ಹೊಲ ಮಾರಿಕೊಂಡದ್ದು ನಮ್ಮ ತಪ್ಪಾ?

ಶಹಾಪುರದವರು: ಜಗಳ ಯಾಕ್ರೀ. 2017ರ ಮೇ ತಿಂಗಳಲ್ಲಿ ಪುಣೆಯಲ್ಲಿ ದೇಶದ ಮೊದಲ ಕಸಿ ಆದದ್ದು ನಮ್ಮ ಪಕ್ಕದ ಸೊಲ್ಲಾಪುರದ ಹುಡುಗಿಗೆ, ತಾಯಿಯದೇ ಗರ್ಭಚೀಲ. ಮುಂದಿನ ವರ್ಷವೇ ಅವಳಿಗೆ ಮಗು ಆಯಿತು. ನಾವು ದತ್ತು ತಗೊಂಡೆವು. ಮೂರು ವರ್ಷ ನಾಲ್ಕು ತಿಂಗಳು ಕಾದೆವು. ಮಗಳಿಗೆ ಈಗ ಆರು, ನಿನ್ನೆ ಬಿದ್ದ ಹಲ್ಲನ್ನು ಸಗಣಿಯಲ್ಲಿ ಮುಚ್ಚಿ ಮಾಳಿಗೆ ಮೇಲೆ ಎಸೆದಳು.

ಆಳಂದದವನು: ತಪ್ಪು ಹೇಳಬೇಡಿ ಸರ್. 2018ರ ಅಕ್ಟೋಬರಿನಲ್ಲಿ ಹೆತ್ತವಳು ಬೇರೆಯವಳು, ಗುಜರಾತಿನವಳು. ಕಸಿ ಮಾಡಿದ ಗರ್ಭಚೀಲದಿಂದ ಪ್ರಪಂಚದ ಮೊದಲ ಹೆರಿಗೆ ಸ್ವೀಡನ್, 2014. ಔಷಧಿ ಬಗ್ಗೆ ಯಾರೂ ಹೇಳ್ತಿಲ್ಲವಲ್ಲ! ನನಗೆ ಕಿಡ್ನಿ ಕಸಿ ಆಗಿದೆ, ಅದೇ ಟ್ಯಾಕ್ರೋಲಿಮಸ್, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದ ಹಾಗೆ ಕೊಡೋ ಗುಳಿಗೆ. ಚಹಾದ ಕಪ್ ಹಿಡಿದರೆ ಬಸಿಯಲ್ಲಿ ಟಕಟಕ ಅಂತದೆ. ಗರ್ಭಚೀಲ ಕಸಿಯವರಾದರೋ ಒಂದೆರಡು ಹೆರಿಗೆ ಆದ ಮೇಲೆ ಗರ್ಭಚೀಲ ತೆಗೆಸಿ ಗುಳಿಗೆ ಬಿಡ್ತಾರೆ. ನನಗೆ ಜೀವಮಾನ ಪೂರ್ತಿ.

ಸೇಡಂ ಅಕ್ಕ: ಕಿಡ್ನಿ ಮಾತು ಇಲ್ಲಿ ಯಾಕೆ?

ಆಳಂದದವನು: ಲಾಡ್ಜಿನ ಬಾಡಿಗೆ, ಶೇಂಗಾ ಹಿಂಡಿ ಯಾಕೆ ಮತ್ತೆ?

ಬೀದರ್‌ನವಳು: ಹತ್ತೊಂಬತ್ತು ದಿನ ಲಾಡ್ಜ್ ಯಾಕೆ ಹಿಡಿದಿರಿ? ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹೋಗಿ ಬಂದು ಮಾಡಬಹುದಿತ್ತು.

ಸೇಡಂ ಅಕ್ಕ: ಐವಿಎಫ್‌ಗೆ ದಿನ ಬಿಟ್ಟು ದಿನ ಸ್ಕ್ಯಾನ್ ಇರ್ತದೆ, ತಾಯಿ! ಭ್ರೂಣಕ್ಕಾಗಿ ನೀವೂ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದು ಮರೆತಿರಾ?

ಕೇಳಿದವರು, ಕಲಬುರಗಿ: ಅಕ್ಕಾರೆ, ಅಮ್ಮಂದು ಬಿ, ತಂಗಿದು ಓ. ಅದು ಆಗ್ತದಾ ಅಂತ ಕೇಳಿದ್ದೆ.

ಸೇಡಂ ಅಕ್ಕ: ಓ ಗುಂಪಿಗೆ ಓ ಗುಂಪಿನವರದೇ ಬೇಕು ಅಂತ ನಮಗೆ ಹೇಳಿದ್ದರು. ನಮ್ಮಮ್ಮಂದು ಸರಿಯಾಗಿ ಹೊಂದಿತ್ತು ನೋಡಿ, ಅದಕ್ಕೇ ಹೊಟ್ಟೆ ಉರೀತದೆ. ಆವತ್ತು ಮಂಗಳವಾರ, ಬೆಳಗ್ಗೆ ಆರಕ್ಕೇ ಟೋಕನ್ ತಗೊಂಡು...