ಅಡಿಕೆ ವಖಾರಿಗೆ ವೆಬ್ ತಂತ್ರಾಂಶ: ನೋಡ್, ಲಾರಾವೆಲ್, ಜಾಂಗೋ, ಯಾವುದು ಹಿಡಿಯಲಿ?

ಬನವಾಸಿ_ರಸ್ತೆ
ಶಿರಸಿಯ ಒಂದು ಅಡಿಕೆ ವಖಾರಿಗೆ ತಂತ್ರಾಂಶ ಮಾಡಿಕೊಡಬೇಕು. ಈಗ ಎಲ್ಲ ಲೆಕ್ಕವೂ ಎಕ್ಸೆಲ್ಲಿನಲ್ಲಿದೆ. ಮಹಸೂಲು ಬಂದಾಗ ಕಾಟಾದಿಂದ ತೂಕ ನೇರ ಪರದೆಗೆ ಬರಬೇಕು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಅಡಿಕೆಯ ಬಗೆವಾರು ಲಾಟು ಬೇರೆ ಆಗಬೇಕು. ಟೆಂಡರಿನ ದರ ಹಾಕಿದ ಮೇಲೆ ಬೆಳೆಗಾರರಿಗೆ ಕನ್ನಡದ ಲೆಕ್ಕಪಟ್ಟಿ ಕೊಡಬೇಕು. ಬಳಸುವವರು ಆರು ಜನ, ಕಾಟಾ ಎರಡು. ಮಳೆಗಾಲದಲ್ಲಿ ಕರೆಂಟಿಗೂ ನೆಟ್ಟಿಗೂ ಭರವಸೆ ಇಲ್ಲ. ನನ್ನ ಮನಸ್ಸಿನಲ್ಲಿರುವುದು ಪರದೆಗೆ ರಿಯಾಕ್ಟ್, ಸರ್ವರಿಗೆ ಜಾವಾಸ್ಕ್ರಿಪ್ಟಿನ ನೋಡ್, ಡೇಟಾಬೇಸಿಗೆ ಮೊಂಗೋಡಿಬಿ. ಜೊತೆಗಾರ ಪಿಎಚ್‌ಪಿಯ ಲಾರಾವೆಲ್ ಅನ್ನುತ್ತಾನೆ. ಅನುಭವ ಇದ್ದವರು ಹೇಳಿ.

ಕೊನೆಗೌಡ
ಮೊದಲು ಮೊಂಗೋ ಬಿಡಿ. ಬೆಳೆಗಾರ, ಲಾಟು, ಟೆಂಡರು, ಪಟ್ಟಿ, ಪಾವತಿ ಎಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡೇ ಇರುವ ಲೆಕ್ಕ ಇದು. ಪಾವತಿ ಆದ ಲಾಟನ್ನು ಯಾರಾದರೂ ಅಳಿಸಲು ಹೋದರೆ ಡೇಟಾಬೇಸೇ ಅಡ್ಡ ನಿಲ್ಲಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಿ, ಕೋಷ್ಟಕಗಳನ್ನು ಕೊಂಡಿ ಹಾಕುವ ಫಾರಿನ್ ಕೀ ಬಿಗಿಯಾಗಿ ಕಟ್ಟಿ.

ತೂಕವನ್ನು ಗ್ರಾಂ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ, ದುಡ್ಡನ್ನು ನ್ಯೂಮರಿಕ್ (ನಿಖರ ದಶಮಾಂಶ) ಆಗಿ ಇಡಿ. ಫ್ಲೋಟ್ (ಅಂದಾಜು ದಶಮಾಂಶ) ಬೇಡವೇ ಬೇಡ. ನೋಡ್‌ನಲ್ಲಿ ಇಲ್ಲೇ ಒಂದು ಹೊಂಡ ಇದೆ: ಪೋಸ್ಟ್‌ಗ್ರೆಸ್ ಡ್ರೈವರ್ ನ್ಯೂಮರಿಕ್ಕನ್ನು ಅಕ್ಷರಮಾಲೆಯಾಗಿ ಕೊಡುತ್ತದೆ, ಬರೆಯುವವರು ಅದನ್ನು ಪಾರ್ಸ್‌ಫ್ಲೋಟ್‌ನಿಂದ ಮತ್ತೆ ಫ್ಲೋಟ್ ಮಾಡಿಬಿಡುತ್ತಾರೆ, ಅಲ್ಲಿಗೆ ಮಾಡಿದ್ದೆಲ್ಲ ನೀರುಪಾಲು. ನೋಡೇ ಬೇಕೆಂದರೆ ದಶಮಾಂಶಕ್ಕೆ ಬೇರೆ ಲೈಬ್ರರಿ ಹಾಕಿ.

ದರ ಕ್ವಿಂಟಾಲಿಗೆ 42,199, ಚೀಲದ ತೂಕ ಕಳೆದು ನಿವ್ವಳ 48.650 ಕೆಜಿ ಎಂದಿಟ್ಟುಕೊಳ್ಳಿ. ಬರುವ ಮೊತ್ತ 20,529.8135. ಪೈಸೆ ದುಂಡು ಮಾಡುವುದು ಲಾಟಿಗೊಂದು ಸಲವೋ, ಪಟ್ಟಿಯ ಕೊನೆಯಲ್ಲೋ? ಗುಮಾಸ್ತರನ್ನು ಕೇಳಿ, ಅವರು ಕೈಯಲ್ಲಿ ಮಾಡುವ ರೀತಿಯನ್ನೇ ಹಿಡಿಯಿರಿ. ಬಂದ ಮೊತ್ತವನ್ನು ಸಾಲಿನಲ್ಲೇ ಬರೆದಿಡಿ. ಪಟ್ಟಿ ತೆರೆದಾಗಲೆಲ್ಲ ಮರುಲೆಕ್ಕ ಮಾಡಿದರೆ ಮುಂದೊಂದು ದಿನ ಹಳೇ ಪಟ್ಟಿಯೇ ಬದಲಾಗಿ ಕೂತಿರುತ್ತದೆ.

ಆರು ಜನರ ಕೆಲಸಕ್ಕೆ ಲಾರಾವೆಲ್ಲೂ ಸಾಕು, ಪೈಥಾನ್‌ನ ಜಾಂಗೋವೂ ಸಾಕು. ನನ್ನ ಒಲವು ಜಾಂಗೋ ಕಡೆ, ಯಾಕೆಂದರೆ ಬೆಳೆಗಾರರ ಪಟ್ಟಿ, ಮಾಲಿನ ಬಗೆ, ವ್ಯಾಪಾರಿಗಳ ಪಟ್ಟಿ ತಿದ್ದುವ ಪರದೆಗಳು ಅದರ ಅಡ್ಮಿನ್‌ನಲ್ಲಿ ಹೆಚ್ಚುಕಡಿಮೆ ಪುಕ್ಕಟೆ ಸಿಗುತ್ತವೆ. ಜಾಂಗೋ 5.2 ದೀರ್ಘಾವಧಿ ಆವೃತ್ತಿಗೆ 2028ರ ಏಪ್ರಿಲ್‌ವರೆಗೆ ಭದ್ರತಾ ತಿದ್ದುಪಡಿ ಇದೆ. ಲಾರಾವೆಲ್‌ನ ಪ್ರತಿ ಆವೃತ್ತಿಗೆ ದೋಷ ತಿದ್ದುಪಡಿ 18 ತಿಂಗಳು, ಭದ್ರತೆ 2 ವರ್ಷ. ಹಾಗಾಗಿ ಮೇಲ್ದರ್ಜೆಗೆ ಏರಿಸುವ ಖರ್ಚನ್ನು ಕೊಟೇಶನ್ನಿನಲ್ಲೇ ಕಾಣಿಸಿ. ಜೊತೆಗಾರನಿಗೆ ಲಾರಾವೆಲ್ ನೀರು ಕುಡಿದಷ್ಟು ಸುಲಭವಾದರೆ ಅದೇ ಇರಲಿ, ಜಗಳ ಬೇಡ. ರಿಯಾಕ್ಟ್ ಮಾತ್ರ ಇಲ್ಲಿ ದಂಡ. ಜಾವಾಸ್ಕ್ರಿಪ್ಟ್ ನಿಜವಾಗಿ ಬೇಕಿರುವುದು ತೂಕದ ಪರದೆ ಒಂದಕ್ಕೇ.

ಅಘನಾಶಿನಿ
ಭಾಷೆಗಿಂತ ಮುಂಚೆ ಸರ್ವರ್ ಎಲ್ಲಿ ಕೂರುತ್ತದೆ ಎಂದು ತೀರ್ಮಾನಿಸಿ. ಘಟ್ಟದ ಮೇಲಾಗಲಿ ಕೆಳಗೆ ಕುಮಟೆ, ಕಾರವಾರದಲ್ಲಾಗಲಿ, ಜೂನ್ ಬಂತೆಂದರೆ ನೆಟ್ಟನ್ನು ನಂಬಿ ತೂಕ ಮಾಡಿಸುವ ಹಾಗಿಲ್ಲ. ವಖಾರಿಯಲ್ಲೇ ಒಂದು ಸಣ್ಣ ಪಿಸಿ, ಎಸ್‌ಎಸ್‌ಡಿ, ಯುಪಿಎಸ್ ಇಡಿ. ರೌಟರ್, ಸ್ವಿಚ್ಚುಗಳ ವೈರನ್ನೂ ಅದೇ ಯುಪಿಎಸ್‌ಗೆ ಕೊಡಿ. ಇದನ್ನು ಮರೆತರೆ ಸರ್ವರ್ ಉಸಿರಾಡುತ್ತಿರುತ್ತದೆ, ಕೌಂಟರಿನವರಿಗೆ ಮಾತ್ರ ಕಾಣುವುದಿಲ್ಲ.

ಕಾಟಾದಲ್ಲಿ ಆರ್‌ಎಸ್-232 (ಹಳೇ ಸೀರಿಯಲ್ ಪೋರ್ಟ್) ಇದ್ದರೆ ಯುಎಸ್‌ಬಿ ಪರಿವರ್ತಕ ಹಾಕಿ ಕ್ರೋಮ್ ಅಥವಾ ಎಡ್ಜ್‌ನ ವೆಬ್ ಸೀರಿಯಲ್ (ಬ್ರೌಸರ್ ನೇರ ಪೋರ್ಟ್ ಓದುವ ಸೌಲಭ್ಯ) ಬಳಸಿ ಓದಬಹುದು. 9600 ಬಾಡ್ (ಸಂಕೇತದ ವೇಗ), 8 ಬಿಟ್, ಪ್ಯಾರಿಟಿ ಇಲ್ಲ ಎಂದು ಶುರು ಮಾಡಿ. ಕಸದಂಥ ಅಕ್ಷರ ಬಂದರೆ ಬಾಡ್ ತಪ್ಪಿದೆ, 2400 ನೋಡಿ. ಸಾಲು ಮಧ್ಯೆ ತುಂಡಾಗಿ ಬರುತ್ತದೆ. ಸಾಲು ಮುಗಿಯುವ ಗುರುತು ಸಿಗುವ ತನಕ ಕೂಡಿಟ್ಟು ಆಮೇಲೆ ಓದಿ. ಐದು ಸಲ ಒಂದೇ ಅಂಕಿ ಬಂದ ಮೇಲೆ ಮಾತ್ರ ‘ತೂಕ ಹಿಡಿ’ ಗುಂಡಿ ತೆರೆದುಕೊಳ್ಳಲಿ, ಇಲ್ಲದಿದ್ದರೆ ಚೀಲ ಅಲ್ಲಾಡುವಾಗಿನ ತೂಕವೇ ದಾಖಲಾಗುತ್ತದೆ.

ಎಲ್ಲರೂ ಎಡವುವುದು ಇಲ್ಲಿ: ವೆಬ್ ಸೀರಿಯಲ್‌ಗೆ ಎಚ್‌ಟಿಟಿಪಿಎಸ್ (ಭದ್ರ ಸಂಪರ್ಕ) ಬೇಕು. 192.168ರಿಂದ ಶುರುವಾಗುವ ಒಳಜಾಲದ ವಿಳಾಸವನ್ನು ಬರೀ ಎಚ್‌ಟಿಟಿಪಿಯಲ್ಲಿ ತೆರೆದರೆ ಬ್ರೌಸರ್ ಕಾಟಾವನ್ನು ಮುಟ್ಟುವುದೇ ಇಲ್ಲ. ಒಂದು ಡೊಮೇನ್ ತೆಗೆದುಕೊಂಡು, ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಪರಿಶೀಲನೆಯ ದಾರಿಯಲ್ಲಿ ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಪಡೆಯಿರಿ. ಆ ಹೆಸರನ್ನು ರೌಟರಿನಲ್ಲೋ ಪ್ರತಿ ಪಿಸಿಯ ಹೋಸ್ಟ್ಸ್ ಕಡತದಲ್ಲೋ ಒಳಗಿನ ವಿಳಾಸಕ್ಕೆ ತೋರಿಸಿ. ಹೊರಗಿನ ಡಿಎನ್‌ಎಸ್ ಮೇಲೆ ಬಿಟ್ಟರೆ ನೆಟ್ಟು ಹೋದಾಗ ಹೆಸರೇ ಸಿಗದೆ, ಪಕ್ಕದ ಕೋಣೆಯ ಸರ್ವರ್ ಅಮೆರಿಕದಲ್ಲಿದ್ದಂತಾಗುತ್ತದೆ.

ಕಾಳಿ_ಸೇತುವೆ
ಕನ್ನಡದ ಪಟ್ಟಿ ಬಗ್ಗೆ ಯಾರೂ ಹೇಳಲಿಲ್ಲ. ಪಿಡಿಎಫ್ ಮಾಡಲು ಪಿಎಚ್‌ಪಿಯವರು ಕಣ್ಣುಮುಚ್ಚಿ ಹಾಕುವ ಡಾಂಪಿಡಿಎಫ್‌ನಲ್ಲಿ ಒತ್ತಕ್ಷರ ಕೂಡುವುದಿಲ್ಲ, ‘ಬೆಟ್ಟೆ’ಯಂಥ ಪದವೇ ಒಡೆದು ಹೋಗುತ್ತದೆ. ಎಂಪಿಡಿಎಫ್ ಆಗುತ್ತದೆ. ಪೈಥಾನ್‌ನಲ್ಲಾದರೆ ವೀಸಿಪ್ರಿಂಟ್ ಪ್ಯಾಂಗೋ ಮೂಲಕ ಅಕ್ಷರ ಜೋಡಿಸುವುದರಿಂದ ತೊಂದರೆ ಇಲ್ಲ, ನೋಟೋ ಫಾಂಟು ಸರ್ವರ್‌ನಲ್ಲಿರಲಿ. ಥರ್ಮಲ್ ಪ್ರಿಂಟರಿನ ಒಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ; ಪಟ್ಟಿಯನ್ನು ಚಿತ್ರವಾಗಿಸಿ ಕಳಿಸಿ. 80 ಮಿಮೀ ಕಾಗದಕ್ಕೆ 576 ಚುಕ್ಕಿ, 58ಕ್ಕೆ 384.

ಬನವಾಸಿ_ರಸ್ತೆ
ಉಪಕಾರ. ಮೊಂಗೋ ಬಿಟ್ಟೆ, ಜಾಂಗೋ ಹಿಡಿದೆ. ಎರಡು ಕೌಂಟರಿನಲ್ಲಿ ಒಟ್ಟಿಗೇ ಬಿಲ್ಲು ಮಾಡಿದರೆ ನಂಬರು ಹೇಗೆ? ಹಳೇ ಎಕ್ಸೆಲ್ಲಿನ ಹೆಸರುಗಳನ್ನು ಹಾಗೇ ತುಂಬಬಹುದಾ?

ಕೊನೆಗೌಡ
ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ (ತಾನಾಗಿ ನಂಬರು ಕೊಡುವ ಸೌಲಭ್ಯ) ಬಳಸಬೇಡಿ. ಅರ್ಧಕ್ಕೆ ನಿಂತ ವ್ಯವಹಾರದ ನಂಬರನ್ನು ಅದು ವಾಪಸ್ ಕೊಡುವುದಿಲ್ಲ, ಮಧ್ಯೆ ಖಾಲಿ ಉಳಿದು ಲೆಕ್ಕಪರಿಶೋಧಕರು ಕೇಳುತ್ತಾರೆ. ವರ್ಷಕ್ಕೊಂದು ಸಾಲಿನ ಎಣಿಕೆ ಕೋಷ್ಟಕ ಮಾಡಿ, ಬಿಲ್ ಉಳಿಸುವ ವ್ಯವಹಾರದ ಒಳಗೇ ಆ ಸಾಲಿಗೆ ಬೀಗ ಹಾಕಿ ಒಂದು ಕೂಡಿಸಿ. ಜಾಂಗೋದಲ್ಲಿ ಸೆಲೆಕ್ಟ್ ಫಾರ್ ಅಪ್‌ಡೇಟ್ ಇದಕ್ಕೇ ಇರುವುದು. ಜಿಎಸ್‌ಟಿ ಬಿಲ್ಲಿನ ನಂಬರು 16 ಅಕ್ಷರ ಮೀರಬಾರದು. 25-26/00412 ಥರ ಇಟ್ಟರೆ 11ರಲ್ಲಿ ಮುಗಿಯಿತು.

ಕಾಳಿ_ಸೇತುವೆ
ಹಾಗೇ ತುಂಬಬೇಡಿ ಮಾರಾಯ್ರೆ. ಹಳೇ ನುಡಿ ಫಾಂಟಿನ ಹಾಳೆಯಾದರೆ ಒಳಗಿರುವುದು ಕನ್ನಡವಲ್ಲ, ಕನ್ನಡದ ಹಾಗೆ ಕಾಣುವ ಇಂಗ್ಲಿಷ್ ಅಕ್ಷರಗಳು. ಯೂನಿಕೋಡಿಗೆ ಬದಲಿಸಿ, ಅರ್ಕಾವೊತ್ತು ಇರುವ ಹೆಸರುಗಳನ್ನು ಕಣ್ಣಿನಿಂದಲೇ ನೋಡಿ. ಆಮೇಲೆ ಯೂನಿಕೋಡಿನ ಎನ್‌ಎಫ್‌ಸಿ ಸಾಮಾನ್ಯೀಕರಣ ಮಾಡಿ (ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದು ಮಾಡುವುದು): ‘ೊ’ ಒಂದೇ ಚಿಹ್ನೆಯಾಗಿಯೂ ಎರಡು ತುಂಡಾಗಿಯೂ ಬರಬಹುದು, ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ. ಹೆಗಡೆ, ಹೆಗ್ಡೆ ಎರಡೂ ಇರುತ್ತವೆ, ಅದನ್ನು ಯಾವ ಯೂನಿಕೋಡೂ ಸರಿಮಾಡುವುದಿಲ್ಲ. ಗಣಪತಿ ಹೆಗಡೆ ಎಂದು ಹುಡುಕಿದರೆ ಹತ್ತು ಜನ ಬರುವ ಸೀಮೆ ಇದು. ಖಾತೆ ನಂಬರು, ತಂದೆಯ ಹೆಸರು, ಊರು ಮೂರೂ ಪರದೆಯಲ್ಲಿ ಒಂದೇ ಸಾಲಿನಲ್ಲಿ ಕಾಣಲಿ.