ಸಹಾಯ ಬೇಕು: ಸಮುದಾಯ ಸೇವೆಗೆ ಬಂದ ಹುಡುಗರ ಉಸ್ತುವಾರಿ

ಕಾರವಾರದವರಿಗೆಲ್ಲ ನಮಸ್ಕಾರ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆ, ಅಲ್ವಾ? ಕುಡಿದು ರಸ್ತೆಯಲ್ಲಿ ಗಲಾಟೆ ಮಾಡಿದವರಿಗೂ ಕೋರ್ಟ್ ಇದನ್ನು ಕೊಡಬಹುದು. ಸಂಬಳ ಇಲ್ಲ. ಅಂಥ ಇಬ್ಬರು ಹುಡುಗರು ಟ್ಯಾಗೋರ್ ಕಡಲತೀರದಲ್ಲಿ ಕಸ ಹೆಕ್ಕಲು ಬರುತ್ತಾರೆ. ಉಸ್ತುವಾರಿ ನನ್ನದು.

ನಿನ್ನೆ ಮೀನಿನ ಬುಟ್ಟಿ ಹೊತ್ತ ಹೆಂಗಸರು ಹಾದು ಹೋಗುವಾಗ ಒಬ್ಬ ಟವೆಲಿನಿಂದ ಮುಖ ಮುಚ್ಚಿಕೊಂಡ. ಅವರಲ್ಲಿ ಅವನ ಚಿಕ್ಕಮ್ಮನೂ ಇದ್ದರು. ಅಷ್ಟರಲ್ಲಿ ಯಾರೋ ಮೊಬೈಲಲ್ಲಿ ವಿಡಿಯೋ ತೆಗೆದರು. ತುಂಬಾ ಬೇಜಾರಾಯಿತು. ಕೋರ್ಟ್ ಹೇಳಿದ್ದು ಕೆಲಸ ಮಾಡಿ ಅಂತ. ಊರೆಲ್ಲ ನೋಡಿ ನಗಲಿ ಅಂತ ಎಲ್ಲೂ ಹೇಳಿಲ್ಲ.

ಇಂಥ ಕೆಲಸ ಮಾಡಿಸಿದವರು ಇದ್ದೀರಾ? ವಿಡಿಯೋ ತೆಗೆಯುವವರನ್ನು ಹೇಗೆ ತಡೆದಿರಿ? ಹಾಜರಿ ಪುಸ್ತಕದಲ್ಲಿ ಬಂದ, ಹೋದ ಹೊತ್ತು ಬರೆದರೆ ಸಾಕಾ? ಹರಿದ ಬಲೆ, ಒಡೆದ ಬಾಟಲಿ ಜಾಸ್ತಿ ಸಿಗುತ್ತವೆ. ಎರಡು ಜೊತೆ ದಪ್ಪ ಕೈಗವಸು ಯಾರಾದರೂ ಕೊಟ್ಟರೆ ಉಪಕಾರ. ನಾಳೆ ಬೆಳಿಗ್ಗೆ 7ಕ್ಕೆ ಅಲ್ಲೇ ಇರುತ್ತೇವೆ.